ನಾಲ್ಕನೆಯ ಬುಧವಾರ

“ಏ ಬೀರಿ, ನೀರ ಕೂಸಿನ ಮೈಮ್ಯಾಲ ಹಾಕು, ನನ್ನ ಕಟ್ಟಿಮ್ಯಾಲ ಹಾಕಬ್ಯಾಡ. ನಿನ್ನ ಕೈ ಮುಟ್ಟಿದ ನೀರ ಅಡಗಿಮನಿ ಹೊಸ್ತಲತನಕ ಹರದ ಬಂದೈತಿ. ತಲ್ಯಾಗ ಸಗಣಿ ತುಂಬೈತೇನ ನಿಂದು?”

ಸಾವಿತ್ರೆವ್ವ ಹಿತ್ತಲ ಬಾಗಿಲಲ್ಲಿ ನಿಂತು ಹೀಗೆ ಬೈಯುವುದು ಬೆಳಗಿನ ಪೂಜೆಯಷ್ಟೇ ತಪ್ಪದ ಕೆಲಸ. ಆದ್ದರಿಂದ ಬೀರವ್ವ ತಲೆ ಎತ್ತಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಒಂದು ಕೈಯಿಂದ ಬಿಸಿನೀರು ಹೊಯ್ಯುತ್ತ ಇನ್ನೊಂದು ಕೈಯಿಂದ ಬೆನ್ನು ನೀವುತ್ತಿದ್ದಳು. ಕೂಸು ಸಾವಿತ್ರೆವ್ವನ ಮೊಮ್ಮಗಳು, ಹುಟ್ಟಿ ಒಂದು ತಿಂಗಳಾಗಿತ್ತು. ಬಾಣಂತನಕ್ಕೆ ತವರಿಗೆ ಬಂದ ಮಗಳು ರಾಜೇಶ್ವರಿ ಒಳಗೆ ಹೊರಸಿನ ಮೇಲೆ ಕುಳ್ಳಿನ ಬೆಂಕಿಯ ಕಾವಿಗೆ ಮೈಯೊಡ್ಡಿ ಮಲಗಿದ್ದಳು.

ಬೀರವ್ವ ಕೇರಿಯವಳು, ಊರಿನ ಸೂಲಗಿತ್ತಿ. ಮನೋಳಿಗೆ ಮೂರು ಮೈಲಿ ದೂರದ ಆ ಹೊಳೆಸಾಲಿನ ಊರಿನಲ್ಲಿ ಅವಳ ಕೈಗೆ ಬೀಳದೆ ಭೂಮಿಗೆ ಬಂದ ತಲೆಗಳು ಕಡಿಮೆ. ಈಗೀಗ ಹೆರಿಗೆಗಳೆಲ್ಲ ದವಾಖಾನೆಯ ಪಾಲಾದರೂ ಕೂಸಿಗೆ ಎರೆಯುವುದಕ್ಕೆ ಅವಳೇ ಬೇಕು. ಎರೆದ ಮೇಲೆ ಮಾತ್ರ ಕೂಸನ್ನು ಅವಳು ಎತ್ತಿ ಕೊಡುವಂತಿಲ್ಲ. ಮಣೆಯ ಮೇಲೆ ಮಲಗಿಸಿ ದೂರ ಸರಿಯಬೇಕು. ಸಾವಿತ್ರೆವ್ವ ತಂಬಿಗೆಯಲ್ಲಿ ವಿಭೂತಿ ಕದಡಿದ ತಣ್ಣೀರು ತಂದು ಕೂಸಿನ ಮೇಲೆ ಸುರಿದು, ಮೈಲಿಗೆ ಕಳೆದು, ಆಮೇಲೆ ಎತ್ತಿಕೊಳ್ಳುತ್ತಾಳೆ. ಬೆಚ್ಚಗೆ ನಿದ್ದೆಗೆ ಜಾರುತ್ತಿದ್ದ ಕೂಸು ಕಿಟಾರನೆ ಕಿರುಚುತ್ತದೆ. ಬೈಗುಳಕ್ಕೆ ಬೀರವ್ವನ ಮೈ ಉರಿಯುತ್ತಿರಲಿಲ್ಲ, ಈ ಕಿರುಚಾಟಕ್ಕೆ ಉರಿಯುತ್ತಿತ್ತು. ಹದ ಮಾಡಿದ ಕೆಲಸ ಹಾಳಾದರೆ ಯಾರಿಗೆ ಸಿಟ್ಟು ಬರುವುದಿಲ್ಲ?

“ನಿಮ್ಮ ಕೂಸು ಬಂತಂತಲ್ಲ ಬೆಳಗಾಂವಿಂದ,” ಎಂದಳು ಸಾವಿತ್ರೆವ್ವ, ಕೂಸನ್ನು ಒರೆಸುತ್ತ. “ಬದಕೂ ಹಂಗ ಐತೇನ?”

“ಬದಕೈತ್ರಿ ಅವ್ವಾರ.”

“ಗಟ್ಟಿ ಜೀವ ಬಿಡು ನಿಮ್ಮವು. ನಮ್ಮ ಮನ್ಯಾಗಿಂದಾಗಿದ್ರ ಉಳೀತಿತ್ತೇನು?”

ಬೀರವ್ವ ಉಳಿದ ನೀರನ್ನು ಬಚ್ಚಲ ಕಲ್ಲಿಗೆ ಸುರಿದಳು. ಆ ಮನೆಯದೊಂದು ಕೂಸು ಹೀಗೇ ಬಂದು ಹೀಗೇ ಉಳಿದಿತ್ತು. ಈಗ ಒಳಗೆ ಹೊರಸಿನ ಮೇಲೆ ಮಲಗಿತ್ತು. ಇಪ್ಪತ್ತನಾಲ್ಕು ವರ್ಷದ ಹಿಂದೆ ರಾಜೇಶ್ವರಿ ಏಳನೆಯ ತಿಂಗಳಿಗೇ ಹುಟ್ಟಿದಾಗ, ಮನೆಯವರು ಬಿಳಿ ಬಟ್ಟೆ ತರಿಸಿ ಇಟ್ಟಿದ್ದರು. ಬೀರವ್ವ ಬುಟ್ಟಿಯಲ್ಲಿ ಹಿಂಜಿದ ಹತ್ತಿ ತುಂಬಿ, ಅದರೊಳಗೆ ಕೂಸನ್ನು ಹುದುಗಿಸಿ, ಕಾಳು ತುಂಬುವ ಕತ್ತಲಕೋಣೆಯಲ್ಲಿ ಎರಡು ತಿಂಗಳು ಕಾದಳು. ದೀಪ ಹಚ್ಚಗೊಡಲಿಲ್ಲ, ಗಾಳಿ ಆಡಗೊಡಲಿಲ್ಲ. ಹೊಟ್ಟೆಯಲ್ಲಿ ತುಂಬಬೇಕಾದ ದಿನ ಅಲ್ಲಿ ತುಂಬಿತು. ಕೂಸು ಮೈ ತುಂಬಿಕೊಂಡ ದಿನ ಬೀರವ್ವನನ್ನು ಹೊರಗೆ ಕಳಿಸಿ, ಅವಳು ಕುಳಿತ ನೆಲವನ್ನು ಒಂದು ಗೇಣು ಅಗೆದು, ಹೊಸ ಮಣ್ಣು ಹಾಕಿ ಸಾರಿಸಿದರು.

ಈಗ ಬಂದದ್ದು ಬೀರವ್ವನ ಸ್ವಂತ ಮೊಮ್ಮಗ. ಸೊಸೆ ತಾಯವ್ವ ಏಳು ತಿಂಗಳ ಬಸುರಿನಲ್ಲಿ ಸಾವಿತ್ರೆವ್ವನ ಗಂಡ ಮಹಾಂತಪ್ಪನ ಹೊಲದಲ್ಲಿ ಕಬ್ಬಿನ ಹೊರೆ ಹೊರುತ್ತಿದ್ದಳು. ಫ್ಯಾಕ್ಟರಿಯ ಗಾಡಿ ಬಂದು ನಿಂತಿತ್ತು. ಸ್ವಲ್ಪ ಕೂತು ಏಳುತ್ತೇನೆ ಎಂದದ್ದಕ್ಕೆ ಮಹಾಂತಪ್ಪ, “ಹೊಟ್ಟಿ ಬಸರಾದ್ರ ಕೈನೂ ಬಸರಾಗ್ಯಾವೇನಲೇ?” ಎಂದಿದ್ದ. ಗಾಡಿಯ ಮೇಲಿದ್ದವರು ನಕ್ಕರು. ಒಂದು ತಾಸಿನಲ್ಲಿ ಕಬ್ಬಿನ ಒಣಸೋಗೆ ರವದಿಯ ಮೇಲೆ ಬಸುರಿನ ನೀರು ಒಡೆಯಿತು. ಅದೇ ಆಗ ಶುರುವಾಗಿದ್ದ 108ರ ಗಾಡಿ ಅವಳನ್ನು ಸವದತ್ತಿಗೆ ಒಯ್ದು, ಅಲ್ಲಿಂದ ಬೆಳಗಾವಿಯ ದೊಡ್ಡ ದವಾಖಾನೆಗೆ ಮುಟ್ಟಿಸಿತು. ಅಂಗೈಯಷ್ಟು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಮೂಗಿಗೆ ಕೊಳವೆ ಹಾಕಿ, ಒಂದು ತಿಂಗಳು ಉಸಿರು ಕೊಟ್ಟು ಉಳಿಸಿದರು. ಉಳಿಸಿದ್ದು ಸುಳ್ಳಲ್ಲ.

ಆದರೆ ಮನೆಗೆ ಕಳಿಸುವ ಮೊದಲು ಬಂದ ಬುಧವಾರ, ಕಣ್ಣಿನ ಡಾಕ್ಟರು ಮೃಣಾಲಿನಿಯವರು ಕೂಸಿನ ರೆಪ್ಪೆ ಬಿಡಿಸಿ ದೀಪ ಬಿಟ್ಟು ನೋಡಿದ್ದರು. ಆ ಡಾಕ್ಟರು ವಾರಕ್ಕೊಮ್ಮೆ, ಬುಧವಾರ ಮಾತ್ರ, ಹತ್ತರಿಂದ ಹನ್ನೆರಡರವರೆಗೆ ಅಲ್ಲಿಗೆ ಬರುವವರು. ಇಂಥ ಕೂಸಿಗೆ ಉಸಿರು ಕೊಟ್ಟ ಗಾಳಿಯೇ ಕೆಲವೊಮ್ಮೆ ಕಣ್ಣಿನೊಳಗಿನ ಪರದೆಯನ್ನು ಕೆಡಿಸುತ್ತದೆ, ಇದಕ್ಕೆ ಕೆಡುಕು ಶುರುವಾಗಿದೆ, ಮುಂದಿನ ಬುಧವಾರ ತಪ್ಪದೆ ತರಬೇಕು, ಬೇಕಾದರೆ ಲೇಸರಿನಿಂದ ಸುಟ್ಟು ನಿಲ್ಲಿಸಬಹುದು, ಬಹಳವೆಂದರೆ ಅದರ ಮುಂದಿನ ಬುಧವಾರ, ಆಮೇಲೆ ಕೈ ಮೀರುತ್ತದೆ ಎಂದು ನರ್ಸು ತಾಯವ್ವನಿಗೆ ಮೂರು ಸಲ ಹೇಳಿದ್ದಳು. ತಾಯವ್ವ ಐದನೆಯ ತರಗತಿ ಓದಿದವಳು. ಮೂರೂ ಸಲ ಕೇಳಿ, ನಾಲ್ಕನೆಯ ಸಲ ತಾನೇ ಒಪ್ಪಿಸಿ ಬಂದಿದ್ದಳು.

ಮನೆಗೆ ಬಂದ ಗಳಿಗೆಯೇ ಬೀರವ್ವ ಕೂಸನ್ನು ಸೊಸೆಯ ಕೈಯಿಂದ ಇಸಿದುಕೊಂಡಳು. ಬುಟ್ಟಿ, ಹಿಂಜಿದ ಹತ್ತಿ, ಒಲೆಯ ಹಿಂದಿನ ಮೂಲೆ, ಅಡ್ಡ ಕಟ್ಟಿದ ಗೋಣಿಚೀಲ, ಎಲ್ಲ ತಯಾರಿತ್ತು. ಒಂದು ತಿಂಗಳಿಂದ ಕೈಗೆ ಸಿಗದ ಮೊಮ್ಮಗನನ್ನು ಹತ್ತಿಯಲ್ಲಿ ಹುದುಗಿಸಿದಾಗ ಅವಳಿಗೆ ಆದ ಸುಖ ಅಷ್ಟಿಷ್ಟಲ್ಲ. ಊರಿಗೆಲ್ಲ ಎರೆದ ಕೈಗೆ ಕೊನೆಗೂ ತನ್ನದೊಂದು ಕೂಸು ದಕ್ಕಿತ್ತು.

ಮಂಗಳವಾರ ಸಂಜೆ ತಾಯವ್ವ ಕೂಸಿನ ಬಟ್ಟೆ ಗಂಟು ಕಟ್ಟಿದಳು. ಬೀರವ್ವ ಆ ಗಂಟು ಬಿಚ್ಚಿದಳು.

“ಅತ್ತಿ, ನಾಳೆ ಬುಧವಾರ. ಡಾಕ್ಟರಬಾಯಿ ತಪ್ಪಸಬ್ಯಾಡ ಅಂದಾಳು.”

“ಆ ಡಾಕ್ಟರಬಾಯಿ ಎಷ್ಟ ಕೂಸಿಗೆ ಎರದಾಳಂತ ಕೇಳಿದೇನ? ಇದಕ್ಕಿನ್ನೂ ದಿನ ತುಂಬಿಲ್ಲ. ಹೊಟ್ಟ್ಯಾಗಿನ ಕೂಸು ಅಂತನ ತಿಳಕೋ. ಹೊಟ್ಟ್ಯಾಗಿನ ಕೂಸಿನ ಕಣ್ಣ ಯಾರರ ತಗದು ದೀಪ ಹಿಡೀತಾರೇನ?”

“ಕಣ್ಣ ಹೋಗ್ತಾವು ಅಂದಾಳತ್ತಿ.”

“ರಾಜೇಶ್ವರಿ ಏಳ ತಿಂಗಳಿಗೇ ಬಂದಾಕಿ. ಆಕೀ ಕಣ್ಣ ಯಾ ಡಾಕ್ಟರ ನೋಡಿದ್ದ? ಈಗ ನೋಡು, ಕತ್ತಲಾಗ ಸೂಜಿಗೆ ದಾರಾ ಪೋಣಸ್ತಾಳ. ಬಸ್ಸಿನಾಗ ಗಾಳಿ ಬಡದು ಕೂಸಿಗೆ ಏನರ ಆತಂದ್ರ ನಿನ್ನ ಡಾಕ್ಟರಬಾಯಿ ಹಡದು ಕೊಡ್ತಾಳೇನ ಇನ್ನೊಂದು?”

ತಾಯವ್ವ ಗಂಡನ ಮುಖ ನೋಡಿದಳು. ಬೀರವ್ವನ ಮಗ ಲಗಮಣ್ಣ ಮಹಾಂತಪ್ಪನ ಕಬ್ಬಿಗೆ ನೀರು ಹಾಯಿಸುವ ಆಳು. ಮನೆಯಲ್ಲಿ ಅವನ ಮಾತು ಕೇಳಿದವರಿಲ್ಲ, ಹೊಲದಲ್ಲಂತೂ ಇಲ್ಲವೇ ಇಲ್ಲ. ಅವ್ವ ಇಷ್ಟು ಕೂಸು ಬದುಕಿಸಿದಾಕಿ, ಅವಳಿಗೆ ಗೊತ್ತಿರುತ್ತದೆ ಎಂದು ಗೊಣಗಿ, ಸಲಿಕೆ ಹೆಗಲಿಗೇರಿಸಿ ಹೊರಟುಹೋದ.

ಬೀರವ್ವ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ರಾಜೇಶ್ವರಿಯ ಮೂಗಿಗೆ ಮಾತ್ರ ಯಾರೂ ಕೊಳವೆ ಹಾಕಿರಲಿಲ್ಲ. ಆ ವ್ಯತ್ಯಾಸವನ್ನು ಸೂಲಗಿತ್ತಿಗೆ ಬಿಡಿಸಿ ಹೇಳಬೇಕೆಂದು ದವಾಖಾನೆಯಲ್ಲಿ ಯಾರಿಗೂ ತೋಚಲಿಲ್ಲ. ಒಂದು ತಿಂಗಳಲ್ಲಿ ಅವಳು ನಾಲ್ಕು ಸಲ ಹೋಗಿದ್ದಳು, ನಾಲ್ಕೂ ಸಲ ಗಾಜಿನ ಹೊರಗೇ ನಿಲ್ಲಿಸಿ, ಮುದುಕಿ ಕೈ ಹಚ್ಚಬೇಡ ಎಂದು ಗದರಿಸಿ ಕಳಿಸಿದ್ದರು. ಆ ಅವಮಾನವೂ ಅವಳ ಹಟದೊಳಗೆ ಸೇರಿತ್ತೆಂದು ಕಾಣುತ್ತದೆ. ಅಂತೂ ಆ ಬುಧವಾರ ಹೋಯಿತು.

ಭಾನುವಾರ ತಾಯವ್ವ ಅತ್ತೆಯ ಕಣ್ಣು ತಪ್ಪಿಸಿ ಗೋಣಿಚೀಲದ ಹಿಂದೆ ಕಡ್ಡಿ ಗೀರಿದಳು. ಕೂಸು ಎಚ್ಚರವಿತ್ತು, ಕಣ್ಣು ಬಿಟ್ಟಿತ್ತು. ಉರಿಯುವ ಕಡ್ಡಿಯನ್ನು ಮುಖದ ಹತ್ತಿರ ತಂದರೂ ಕಣ್ಣು ಕಿವುಚಲಿಲ್ಲ. ಇನ್ನೊಂದು ಗೀರಿದಳು. ಬೆಂಕಿ ಬೆರಳು ಸುಡುವ ತನಕ ಹಿಡಿದಳು. ಆಮೇಲೆ ಅತ್ತೆಯನ್ನು ಕರೆದು ಮೂರನೆಯ ಕಡ್ಡಿ ಗೀರಿ ತೋರಿಸಿದಳು.

ಬೀರವ್ವ ಮೊದಲು ಬೈದಳು. ಕತ್ತಲಲ್ಲಿ ಬೆಳೆಯುವ ಕೂಸಿಗೆ ಬೆಳಕಿನ ಪರಿಚಯ ಇರುವುದಿಲ್ಲ ಎಂದಳು. ಆದರೆ ಮರುದಿನ ಸಾವಿತ್ರೆವ್ವನ ದೊಡ್ಡಮನೆಯ ಹಿತ್ತಲಲ್ಲಿ ರಾಜೇಶ್ವರಿಯ ಕೂಸನ್ನು ಅಂಗಾತ ಹೊರಳಿಸಿದಾಗ, ಹೆಂಚಿನ ಸಂದಿಯಿಂದ ಬಿಸಿಲು ಮುಖಕ್ಕೆ ಬಿದ್ದು ಅದು ಕಣ್ಣು ಬಿಗಿಯಾಗಿ ಮುಚ್ಚಿ ಮೂಗು ಮುರಿಯಿತು. ಹುಟ್ಟಿದ ಮೂರನೆಯ ದಿನದಿಂದಲೂ ಅದು ಹಾಗೆ ಮಾಡುತ್ತಿತ್ತು. ಎಲ್ಲ ಕೂಸುಗಳೂ ಮಾಡುತ್ತವೆ. ಕತ್ತಲಕೋಣೆಯ ರಾಜೇಶ್ವರಿಯೂ, ಯಾರೋ ಬಾಗಿಲು ಸರಿಸಿದಾಗಲೆಲ್ಲ, ಮಾಡುತ್ತಿದ್ದಳು. ಬೀರವ್ವನ ಕೈಯಲ್ಲಿನ ನೀರಿನ ತಂಬಿಗೆ ನಿಂತಲ್ಲೇ ನಿಂತಿತು. ಇಷ್ಟು ಕೂಸುಗಳನ್ನು ಕಂಡ ತಾನು ತನ್ನದನ್ನು ಕಾಣಲಿಲ್ಲವಲ್ಲ ಎಂದು ಅವಳಿಗೆ ತನ್ನ ಕೈಗಳ ಮೇಲೇ ಹೇಸಿಕೆ ಬಂತು.

ಆದರೂ ಇನ್ನೊಂದು ಬುಧವಾರವಿತ್ತು. ಬಹಳವೆಂದರೆ ಎಂದು ನರ್ಸು ಹೇಳಿದ ಆ ಬುಧವಾರ ನಾಡಿದ್ದು. ಎರೆಯುವುದು ಮುಗಿಸಿ ಬೀರವ್ವ ರಜೆ ಕೇಳಿದಳು.

ಸಾವಿತ್ರೆವ್ವ ಹೌಹಾರಿದಳು. ಬುಧವಾರ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಮೊದಲ ತಿಂಗಳು ಸರಿಯಿಲ್ಲವೆಂದು ಅಯ್ಯನವರು ಮುಂದೂಡಿ, ಕಡೆಗೆ ತೆಗೆದ ಮುಹೂರ್ತ. ಬೈಲಹೊಂಗಲದಿಂದ ಬೀಗರು ಬರುತ್ತಾರೆ. ಅಂಥ ದಿನ ಎರೆಯುವವಳು ಇಲ್ಲವೆಂದರೆ ಹೇಗೆ? ಮಾತು ಹಿತ್ತಲಿಂದ ಮುಂದಿನ ಕಟ್ಟೆಗೆ ಹೋಯಿತು. ಅಲ್ಲಿ ಮಹಾಂತಪ್ಪ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಪಕ್ಕದಲ್ಲಿ ಅದೇ ಗಂಗಯ್ಯ, ಮುಹೂರ್ತ ತೆಗೆದ ಅಯ್ಯ, ಚಹಾ ಕುಡಿಯುತ್ತಿದ್ದ. ಬೀರವ್ವ ಕಟ್ಟೆಯ ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಳು.

“ಕಣ್ಣ ಹೋಗ್ತಾವಂತರಿ ಸಾವಕಾರ್ರ. ಬುಧವಾರ ಬಿಟ್ರ ಆ ಡಾಕ್ಟರ ಬರೂದಿಲ್ಲಂತರಿ.”

“ಮತ್ತ ಹೋದ ಬುಧವಾರ ಏನ ಕಿಸದಿ?” ಎಂದ ಮಹಾಂತಪ್ಪ.

ಬೀರವ್ವ ತಲೆ ತಗ್ಗಿಸಿದಳು. ಏಳು ತಿಂಗಳ ಕೂಸನ್ನು ದಿನ ತುಂಬುವ ಮೊದಲು ಹೊಳೆ ದಾಟಿಸಬಾರದು, ಜೀವಕ್ಕೆ ಕೇಡು ಎಂದು ಗಂಗಯ್ಯ ಬಟ್ಟಲು ಕೆಳಗಿಡುತ್ತ ಅಂದ. ಒಂದು ವಾರದ ಹಿಂದೆ ಅವಳೇ ಸೊಸೆಗೆ ಹೇಳಿದ ಮಾತು ಈಗ ಅಯ್ಯನ ಬಾಯಿಂದ ಕೇಳಿ ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಅದೇ ಕೂಸು ಹೊಟ್ಟೆಯಲ್ಲೊಮ್ಮೆ, ಹೊರಗೊಮ್ಮೆ ಆ ಹೊಳೆಯನ್ನು ಆಗಲೇ ಎರಡು ಸಲ ದಾಟಿದೆ ಎನ್ನಬೇಕೆಂದುಕೊಂಡಳು, ಅನ್ನಲಿಲ್ಲ.

ಮಹಾಂತಪ್ಪ ಕೊನೆಗೆ ಧಾರಾಳಿಯಾದ. ಗುರುವಾರ ಬೀಗರನ್ನು ಬಿಡಲು ತನ್ನ ಗಾಡಿ ಬೈಲಹೊಂಗಲಕ್ಕೆ ಹೋಗುತ್ತದೆ, ಅದರಲ್ಲೇ ಬೆಳಗಾವಿಗೆ ಕಳಿಸುತ್ತೇನೆ, ದವಾಖಾನೆಯವರಿಗೆ ಫೋನ್ ಮಾಡಿ ಹೇಳುತ್ತೇನೆ ಎಂದ. ಗುರುವಾರ ಡಾಕ್ಟರು ಇರುವುದಿಲ್ಲ ಎಂದು ಬೀರವ್ವ ಮತ್ತೊಮ್ಮೆ ಹೇಳಿದಳು.

“ಹೋಗೂದಿದ್ರ ಹೋಗ್ರಿ,” ಎಂದ ಅವನು, ದನಿ ಏರಿಸದೆ. “ನಿಮ್ಮ ಗುಡಸಲಾ ಯಾರ ಜಾಗಾದಾಗ ಐತಿ ಅನ್ನೂದು ನೆಪ್ಪಿಟಕೊಂಡ ಹೋಗ್ರಿ. ಹೋದವ್ರ ಹಂಗ ಅಲ್ಲೇ ಇದ್ದಬಿಡ್ರಿ.”

ಆ ರಾತ್ರಿ ಅತ್ತೆ ಸೊಸೆ ಒಂದು ತೀರ್ಮಾನಕ್ಕೆ ಬಂದರು. ಬೀರವ್ವ ಬುಧವಾರ ದೊಡ್ಡಮನೆಯ ಕೆಲಸಕ್ಕೆ ಹೋಗುವುದು, ತಾಯವ್ವ ಒಬ್ಬಳೇ ಕೂಸನ್ನು ತೆಗೆದುಕೊಂಡು ಬೆಳಗಾವಿಗೆ ಹೋಗುವುದು. ಮನೋಳಿಯಿಂದ ಏಳು ಗಂಟೆಗೆ ಬಸ್ಸು. ಅದು ಸಿಕ್ಕರೆ ಹನ್ನೆರಡರೊಳಗೆ ಮುಟ್ಟಬಹುದು. ಮನೋಳಿಯ ತನಕ ಕಾಡಪ್ಪ ಬಾಡಿಗೆಗೆ ಓಡಿಸುವ ಮೂರು ಗಾಲಿಯ ಟಂಟಂ.

ಬುಧವಾರ ನಸುಕಿನಲ್ಲಿ ತಾಯವ್ವ ಕೂಸನ್ನು ಸೆರಗಿನೊಳಗೆ ಎದೆಗೆ ಕಟ್ಟಿಕೊಂಡು ಹೊರಬಿದ್ದಳು. ಬೀರವ್ವ ದೊಡ್ಡಮನೆಗೆ ಹೋದಳು. ಅಂದು ಎರಡು ಹಂಡೆ ನೀರು, ಹೊಸ ಮಣೆ, ಹೊಸ ತಂಬಿಗೆ. ಎರೆದು, ಮಲಗಿಸಿ, ಸರಿದು ನಿಂತಳು. ಮೈಲಿಗೆ ಕಳೆದ ಕೂಸನ್ನು ಜರಿಯ ಅಂಗಿ ಹಾಕಿ ಒಳಗೆ ಒಯ್ದರು. ಇನ್ನು ಅವಳ ಕೆಲಸ ದನದ ಮನೆಯ ಪಕ್ಕ ಕುಳಿತು ಊಟಕ್ಕೆ ಕಾಯುವುದು. ಒಳಗೆ ಜೋಗುಳ ಹಾಡುತ್ತಿದ್ದರು. ಬೀರವ್ವನ ಮನಸ್ಸು ಬಸ್ಸಿನ ಹಿಂದೆ ಓಡುತ್ತಿತ್ತು. ಈಗ ಬೈಲಹೊಂಗಲ ಬಂದಿರಬೇಕು. ಈಗ ಬಸ್ಸು ಬದಲಿಸಿರಬೇಕು. ಹನ್ನೊಂದಾಯಿತು, ಈಗ ಪಾಳಿಯಲ್ಲಿ ಕೂತಿರಬೇಕು.

ಊಟದ ಹೊತ್ತಿಗೆ ಕಾಡಪ್ಪ ಬಂದು ಅವಳ ಪಕ್ಕ ಕುಕ್ಕರಿಸಿದ. ಅವನೂ ಕೇರಿಯವನೇ, ಅವನಿಗೂ ಎಲೆ ಅಲ್ಲೇ.

“ತಾಯವ್ವನ್ನ ಬಸ್ಸಿಗೆ ಮುಟ್ಟಿಸಿದೇನೋ ಕಾಡ್ಯಾ?” ಎಂದು ಕೇಳಿದಳು.

ಕಾಡಪ್ಪ ಎಲೆಯನ್ನೇ ನೋಡಿದ. ಊರಿನ ಎರಡೂ ಟಂಟಂಗಳನ್ನು ಸಾವಕಾರರು ನಿನ್ನೆ ರಾತ್ರಿಯೇ ಬೀಗರ ಸಲುವಾಗಿ ಹೇಳಿಬಿಟ್ಟಿದ್ದರಂತೆ. ಐದೂವರೆಗೇ ಅವನು ಬೈಲಹೊಂಗಲದ ಮೊದಲ ಬಸ್ಸಿಗೆ ಬರುವ ಬೀಗರನ್ನು ಕಾಯಲು ಮನೋಳಿಗೆ ಹೋಗಬೇಕಾಯಿತು. ತಿರುಗಿ ಬರುವಾಗ ಅರ್ಧ ದಾರಿಯಲ್ಲಿ ತಾಯವ್ವ ಎದೆ ಹಿಡಿದುಕೊಂಡು ಓಡುನಡಿಗೆಯಲ್ಲಿ ಹೋಗುವುದು ಕಂಡಿತು. ಗಾಡಿ ತುಂಬ ಬೀಗರಿದ್ದರು. ಅವಳ ಹತ್ತಿರ ನಿಧಾನ ಮಾಡಿದ್ದಕ್ಕೆ ಹಿಂದೆ ಕೂತ ಹೆಂಗಸೊಬ್ಬಳು, ಯಾರನ್ನು ಹತ್ತಿಸಿಕೊಳ್ಳುತ್ತೀ, ಮಡಿ ಸೀರೆ ಉಟ್ಟಿದ್ದೇವೆ ಎಂದಳು.

“ನಾ ಅವರನ್ನ ಇಳಿಸಿ ಮತ್ತ ಹೋದ್ನಿ ಬೀರತ್ತಿ, ದೇವರಾಣಿ. ಬಸ್ ಹೋಗಿತ್ತು. ಆಕಿ ಸ್ಟ್ಯಾಂಡಿನಾಗ ನಿಂತಿದ್ಲು. ಹತ್ತರ ಬಸ್ಸಿಗೆ ಹತ್ತಿಸಿ ಬಂದೇನಿ.”

ಹತ್ತರ ಬಸ್ಸು ಬೆಳಗಾವಿ ಮುಟ್ಟುವುದು ಎರಡಕ್ಕೆ. ಬೀರವ್ವನ ಎಲೆಗೆ ಆಗಷ್ಟೇ ಹೋಳಿಗೆಯೊಂದು ಮೇಲಿನಿಂದ ಬಿದ್ದಿತ್ತು. ಅವಳು ಎದ್ದಳು. ಉಣ್ಣದೆ ಏಳುವುದು ಅಪಶಕುನ, ನಿನ್ನ ಕಾಲು ಮುರಿಯ, ನನ್ನ ಮೊಮ್ಮಗಳಿಗೆ ಶಾಪ ಹಾಕಿ ಹೋಗಬೇಡ ಎಂದು ಸಾವಿತ್ರೆವ್ವ ಹಿಂದಿನಿಂದ ಕೂಗುತ್ತಿದ್ದಳು. ಬೀರವ್ವ ಮನೆಗೂ ಹೋಗಲಿಲ್ಲ. ಉಟ್ಟ ಒದ್ದೆ ಸೀರೆಯಲ್ಲೇ ಮನೋಳಿಯ ದಾರಿ ಹಿಡಿದಳು.

ಕತ್ತಲಾಗುವ ಹೊತ್ತಿಗೆ ಅವಳು ಬೆಳಗಾವಿ ಮುಟ್ಟಿದಾಗ ದವಾಖಾನೆಯ ವರಾಂಡದಲ್ಲಿ ತಾಯವ್ವ ಕಂಬಕ್ಕೆ ಒರಗಿ ಕುಳಿತಿದ್ದಳು. ಎರಡೂ ಕಾಲಿನ ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ಡಾಕ್ಟರು ಹೋಗಿ ಎರಡು ತಾಸಾಗಿದೆ, ಮುಂದಿನ ಬುಧವಾರ ಬಾ ಎಂದು ಚೀಟಿ ಬರೆಯುವವನು ಹೇಳಿದ್ದ. ಇನ್ನಾರೂ ಕಣ್ಣಿನವರು ಇಲ್ಲವೇ ಎಂದು ಕೇಳಿದ್ದಕ್ಕೆ, ಇದು ಅವರಿಗಷ್ಟೇ ಬರುವ ಕೆಲಸ, ಅವರ ಬೇರೆ ದವಾಖಾನೆ ಎಲ್ಲಿದೆ ಎಂದು ಹೇಳುವ ಹಾಗಿಲ್ಲ ಎಂದಿದ್ದ. ಅತ್ತೆಯನ್ನು ನೋಡಿ ತಾಯವ್ವ ಅಳಲಿಲ್ಲ. ಇಲ್ಲಿಂದ ಏಳುವುದಿಲ್ಲ, ಊರಿಗೆ ಹೋದರೆ ಮತ್ತೆ ಯಾರೋ ತಡೆಯುತ್ತಾರೆ ಎಂದಳು. ಆ ಯಾರೋ ಎಂಬಲ್ಲಿ ತಾನೂ ಇದ್ದೇನೆ ಎಂದು ಬೀರವ್ವನಿಗೆ ತಿಳಿಯಿತು.

ಇಬ್ಬರೂ ಏಳು ದಿನ ಆ ವರಾಂಡದಲ್ಲಿ ಉಳಿದರು. ಬೆಳಿಗ್ಗೆ ಕಸ ಹೊಡೆಯುವವಳು ಎಬ್ಬಿಸಿದರೆ ಬೇವಿನ ಮರದ ಕೆಳಗೆ, ಅಲ್ಲಿಂದ ವಾಚ್‌ಮನ್ ಅಟ್ಟಿದರೆ ಕಾಂಪೌಂಡಿನ ಹೊರಗೆ, ಸಂಜೆ ಮತ್ತೆ ವರಾಂಡಕ್ಕೆ. ಬೀರವ್ವ ಕೂಸನ್ನು ಬರಿಮೈಗೆ ಒತ್ತಿಕೊಂಡು ಕಾಯಿಸುತ್ತಿದ್ದಳು. ಹಾಲು ಕುಡಿದು ಕೂಸು ಕೆಂಪಾಗುತ್ತಿತ್ತು, ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿಯುತ್ತಿತ್ತು. ತಾನು ಅಂದು ಬಿಚ್ಚಿದ ಬಟ್ಟೆಯ ಗಂಟನ್ನು ಈಗ ಅವಳೇ ಸಂಜೆ ಸಂಜೆ ಬಿಗಿಯಾಗಿ ಕಟ್ಟಿಡುತ್ತಿದ್ದಳು.

ಭಾನುವಾರ ಲಗಮಣ್ಣ ರೊಟ್ಟಿಯ ಗಂಟು ಹಿಡಿದುಕೊಂಡು ಬಂದ. ದೊಡ್ಡಮನೆಗೆ ಬೇರೆ ಊರಿನ ಸೂಲಗಿತ್ತಿಯನ್ನು ತಂದಿದ್ದಾರೆ, ಗುರುವಾರ ಸಾವಕಾರರ ಗಾಡಿ ಬೀಗರಿಗೇ ಸಾಲಲಿಲ್ಲ, ಹಬ್ಬದೊಳಗೆ ಗುಡಿಸಲು ಕಿತ್ತುಕೊಂಡು ಹೋಗಿ ಎಂದು ಹೇಳಿಕಳಿಸಿದ್ದಾರೆ ಎಂದ. ಒಂದೊಂದಾಗಿ ಹೇಳಿ ಮುಗಿಸಿ, ಕೂಸಿನ ಕಾಲು ಮುಟ್ಟಿ ನೋಡಿ, ಕೊನೆಯ ಬಸ್ಸಿಗೆ ನೀರು ಹಾಯಿಸಲು ಹೋದ.

ಕಣ್ಣು ನೋಡಿದ ಬುಧವಾರದಿಂದ ಎಣಿಸಿ ನಾಲ್ಕನೆಯ ಬುಧವಾರ, ಅವರದೇ ಮೊದಲ ನಂಬರು. ಡಾಕ್ಟರು ಮೃಣಾಲಿನಿ ಕೂಸನ್ನು ಬಟ್ಟೆಯಲ್ಲಿ ಬಿಗಿದು, ರೆಪ್ಪೆಗೆ ತಂತಿ ಹಾಕಿ, ಹಣೆಗೆ ಕಟ್ಟಿದ ದೀಪದಿಂದ ನೋಡಿದರು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ದೀಪ ಆರಿಸಿ ಕೈ ತೊಳೆದುಕೊಳ್ಳಲು ಹೋದರು. ಬಹಳ ಹೊತ್ತು ತೊಳೆದುಕೊಂಡರು.

“ಪರದಿ ಪೂರಾ ಕಿತ್ತು ಬಂದದ. ಎರಡೂ ಕಣ್ಣಿಂದು,” ಎಂದರು. “ಎರಡು ವಾರದ ಹಿಂದ ತಂದಿದ್ರ ಅರ್ಧ ತಾಸಿನ ಕೆಲಸ ಇತ್ತು. ಈಗ ನನ್ನ ಕೈಯಾಗ ಏನೂ ಉಳದಿಲ್ಲ. ದೂರ ಮದ್ರಾಸಿನ ಕಡೆ ಆಪರೇಶನ್ ಮಾಡ್ತಾರ, ಆದ್ರ ಕಾಣಸ್ತದ ಅಂತ ನಾ ಸುಳ್ಳ ಹೇಳೂದಿಲ್ಲ.”

ಆಮೇಲೆ ಅವರ ಸಿಟ್ಟು ಹೊರಬಂತು. ಮೂರು ಸಲ ಹೇಳಿಸಿದ್ದೆ, ಹಡೆಯುವುದಕ್ಕೆ ಮಾತ್ರ ಗೊತ್ತು ನಿಮಗೆ, ಒಂದು ತಿಂಗಳು ಇಷ್ಟು ಜನ ನಿದ್ದೆಗೆಟ್ಟು ಬದುಕಿಸಿದ ಕೂಸನ್ನು ಒಂದು ಬಸ್ಸು ಹತ್ತಿಸಿ ತರುವುದು ಆಗಲಿಲ್ಲವೇ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಆದರೆ ಆ ಕಣ್ಣುಗಳು ಗುಮಾಸ್ತನ ಕಡೆ ತಿರುಗಿದವು, ಗುಮಾಸ್ತ ಒಂದು ಫಾರ್ಮು ತಂದ. ಅಚ್ಚಾದ ಸಾಲನ್ನು ಓದಿ ಹೇಳಿದ: ಸಕಾಲದಲ್ಲಿ ತಿಳಿಸಿದ್ದರೂ ಪಾಲಕರ ನಿರ್ಲಕ್ಷ್ಯದಿಂದ ಶಿಶುವನ್ನು ಮರುತಪಾಸಣೆಗೆ ಕರೆತಂದಿರುವುದಿಲ್ಲ. ಕೆಳಗೆ ಒಂದು ಹೆಬ್ಬೆಟ್ಟು ಬೇಕು. ಅದಿಲ್ಲದಿದ್ದರೆ ಮುಂದೆ ಕುರುಡು ಕೂಸಿನ ಸರ್ಟಿಫಿಕೇಟಿಗೆ, ಸರಕಾರ ಕೊಡುವ ತಿಂಗಳ ಪಗಾರಕ್ಕೆ ಕಾಗದ ಕೊಡುವುದಿಲ್ಲ. ಶಾಯಿಯ ಡಬ್ಬಿ ತೆಗೆದು ಬೀರವ್ವನ ಮುಂದೆ ನೂಕಿದ.

ಬೀರವ್ವ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

“ಬರೀರಿ ಸಾಹೇಬ್ರ, ಎಲ್ಲಾ ಬರೀರಿ,” ಎಂದಳು. “ತಪ್ಪಿದ ಮೊದಲನೇ ಬುಧವಾರ ನಾನ ತಡದೆ. ಈಕಿ ಕಟ್ಟಿದ ಗಂಟ ನಾ ಬಿಚ್ಚಿದೆ, ನಾ ಶಾಣ್ಯಾಕಿ ಅಂತ. ಅದನ್ನ ಮೊದಲ ಬರೀರಿ. ತಪ್ಪಿದ ಎರಡನೇ ಬುಧವಾರ ಮಹಾಂತಪ್ಪ ಸಾವಕಾರನ ಮನ್ಯಾಗ ತೊಟ್ಲಾ ಇತ್ತು, ನಮ್ಮನ್ನ ಬಿಡಲಿಲ್ಲ, ಊರಾಗಿನ ಗಾಡಿ ಬಿಡಲಿಲ್ಲ. ಅದನ್ನ ಬರೀರಿ. ಅವತ್ತ ಈಕಿ ಕಾಲ ಒಡಕೊಂಡ ಬಂದಾಗ ನೀವು ಹೊರಗ ಕುಂದ್ರಿಸಿದ್ರಿ, ಏಳ ದಿನಾ ನಾವು ಈ ಬಾಗಲದಾಗ ಬಿದ್ದಿದ್ವಿ, ಒಬ್ಬರೂ ಆ ಡಾಕ್ಟರಬಾಯಿ ಎಲ್ಲ್ಯದಾಳಂತ ಹೇಳಲಿಲ್ಲ. ಅದನ್ನೂ ಬರೀರಿ. ಬರದ್ರ ಒಂದಲ್ಲ, ಹತ್ತೂ ಬೆರಳ ಒತ್ತತೇನಿ.”

ಡಾಕ್ಟರು ಗುಮಾಸ್ತನ ಮುಖ ನೋಡಿದರು. ಅವರಿಗೆ ಏಳು ದಿನದ ಸಂಗತಿ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಗುಮಾಸ್ತ ಅಷ್ಟೆಲ್ಲ ಬರೆಯಲು ಇದರಲ್ಲಿ ಜಾಗವಿಲ್ಲ ಎಂದ. ಅಜ್ಜಿಯದು ನಡೆಯುವುದೂ ಇಲ್ಲ, ತಾಯಿಯದೇ ಆಗಬೇಕು ಎಂದು ಫಾರ್ಮನ್ನು ತಾಯವ್ವನ ಕಡೆ ತಿರುಗಿಸಿದ. ತಾಯವ್ವ ಶಾಯಿ ಮುಟ್ಟದೆ ಅವನ ಜೇಬಿನ ಪೆನ್ನಿಗೆ ಕೈ ಚಾಚಿದಳು. ಸಹಿ ಬರುತ್ತದೆಂದು ತಿಳಿದು ಅವನು ಕೊಟ್ಟ.

ತಾಯವ್ವ ಆ ಸಾಲನ್ನು ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಓದಿದಳು. ಓದಿ ಮುಗಿಸಿ, ಅದರ ಮೇಲೆ ಗೀಟು ಎಳೆದಳು. ಮತ್ತೆ ಎಳೆದಳು. ಹೋಗಿ ಬಂದು, ಹೋಗಿ ಬಂದು, ಕಾಗದ ಹರಿದು ಪೆನ್ನಿನ ಮೊನೆ ಟೇಬಲ್ಲಿನ ಕಟ್ಟಿಗೆಗೆ ಇಳಿಯುವ ತನಕ ಎಳೆದಳು. ಗುಮಾಸ್ತ, ಏ ಹುಚ್ಚಿ, ಸರಕಾರಿ ಕಾಗದ ಎಂದು ಕೈ ಹಿಡಿಯಲು ಬಂದ. ಡಾಕ್ಟರು ಬೇಡವೆಂದು ಸನ್ನೆ ಮಾಡಿದರು. ತಾಯವ್ವ ಪೆನ್ನನ್ನು ಅಲ್ಲೇ ಬಿಟ್ಟು, ಬೀರವ್ವನ ತೊಡೆಯ ಮೇಲಿದ್ದ ಕೂಸನ್ನು ಎತ್ತಿಕೊಂಡಳು. ಹೊರಗೆ ಎರಡನೆಯ ನಂಬರು ಕೂಗಿದರು.

ಸೊಸೆ ಮುಂದೆ, ಅತ್ತೆ ನಾಲ್ಕು ಹೆಜ್ಜೆ ಹಿಂದೆ ಬಸ್‌ಸ್ಟ್ಯಾಂಡಿನ ತನಕ ನಡೆದರು. ಯಾವ ಊರಿಗೆ ಹೋಗಬೇಕೆಂದು ಬೀರವ್ವ ಕೇಳಲಿಲ್ಲ. ಮಾರ್ಚಿನ ಬಿಸಿಲು ನೆತ್ತಿಗೆ ಬಂದಿತ್ತು. ಕೂಸು ತಾಯಿಯ ಹೆಗಲ ಮೇಲೆ ಮುಖ ಮೇಲೆ ಮಾಡಿ, ಕಣ್ಣು ಅಗಲವಾಗಿ ಬಿಟ್ಟುಕೊಂಡು, ಆಕಳಿಸುತ್ತಿತ್ತು. ಬೈಲಹೊಂಗಲದ ಬಸ್ಸು ಬಂತು. ಜನ ನುಗ್ಗಿದರು. ತಾಯವ್ವನಿಗೆ ಒಂದು ಕೈಯಲ್ಲಿ ಗಂಟು, ಒಂದು ಕೈಯಲ್ಲಿ ಕೂಸು, ಕಂಬಿ ಹಿಡಿಯಲು ಕೈಯಿರಲಿಲ್ಲ. ಬೀರವ್ವ ಮುಂದೆ ಬಂದು ಎರಡೂ ಕೈ ಚಾಚಿದಳು.

ತಾಯವ್ವ ಆ ಕೈಗಳಿಗೆ ಗಂಟನ್ನು ಕೊಟ್ಟಳು. ಕೂಸನ್ನು ಕೊಡಲಿಲ್ಲ.